ಹತ್ತರ ಲೆಕ್ಕ

ಅಪ್ಪನ ಬೈಪಾಸ್ ಆಗಿ ಮೂರನೇ ದಿನ ಹಿಮೋಗ್ಲೋಬಿನ್ 8.2 ಅಂತ ರಿಪೋರ್ಟ್ ಬಂತು. ನಾನಾಗಲೇ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿ, ರಕ್ತ ಕೊಡೋಕೆ ಇಬ್ಬರನ್ನು ಒಪ್ಪಿಸಿದ್ದೆ. ಡಾಕ್ಟರು ಮಾತ್ರ "ಈಗ ಬೇಡ, ನೋಡೋಣ" ಅಂದುಬಿಟ್ಟರು. ಸಿಟ್ಟು ಬಂತು. ಹತ್ತಕ್ಕಿಂತ ಕಮ್ಮಿಯಾದರೆ ರಕ್ತ ಕೊಡಬೇಕು ಅನ್ನೋದು ನಮ್ಮನೇಲಿ ಎಲ್ಲರಿಗೂ ಗೊತ್ತು. ಹೇಗೆ ಗೊತ್ತು ಅಂದರೆ ಯಾರಿಗೂ ಗೊತ್ತಿಲ್ಲ.

ಆ ಹತ್ತರ ಜಾಡು ಹಿಡಿದು ಹೋದರೆ 1942ರ ಅಮೆರಿಕ ಸಿಗುತ್ತದೆ. ಆಪರೇಷನ್ನಿಗೆ ಮುಂಚೆ ಹಿಮೋಗ್ಲೋಬಿನ್ 8ರಿಂದ 10ಕ್ಕಿಂತ ಕಡಿಮೆಯಿದ್ದರೆ ರಕ್ತ ಕೊಡುವುದು ಜಾಣತನ ಎಂದು ಆಡಮ್ಸ್ ಮತ್ತು ಲಂಡಿ ಎಂಬ ವೈದ್ಯರು ಬರೆದರು. ಅದು ಅನುಭವದ ಸಲಹೆ. ಬರಬರುತ್ತಾ 8 ಉದುರಿಹೋಗಿ 10 ಮಾತ್ರ ಉಳಿಯಿತು, ಸಲಹೆ ಹೋಗಿ ನಿಯಮವಾಯಿತು.

ಇದಕ್ಕೆ ಮೊದಲು ಸವಾಲು ಹಾಕಿದ್ದು ವಿಜ್ಞಾನವಲ್ಲ, ಧರ್ಮ! ಯೆಹೋವನ ಸಾಕ್ಷಿಗಳು ರಕ್ತ ತೆಗೆದುಕೊಳ್ಳುವುದಿಲ್ಲ. ಹೂಸ್ಟನ್ನಿನ ಡೆಂಟನ್ ಕೂಲಿ ಹಾರ್ಟ್-ಲಂಗ್ ಮೆಷಿನ್ನಿಗೆ ರಕ್ತದ ಬದಲು ಗ್ಲೂಕೋಸ್ ನೀರು ತುಂಬಿಸಿ ಅವರಿಗೂ ಆಪರೇಷನ್ ಮಾಡಿದರು. 1977ರಲ್ಲಿ ಅವರ ತಂಡ ಹನಿ ರಕ್ತ ಕೊಡದೆ ಮಾಡಿದ 542 ಆಪರೇಷನ್‌ಗಳ ವರದಿ ಪ್ರಕಟಿಸಿತು.

ಇನ್ನು 2002ರಲ್ಲಿ ಓಹಾಯೋದ ಟೊಲೀಡೊದಿಂದ ಒಂದು ಅಧ್ಯಯನ ಬಂತು. 1,915 ಬೈಪಾಸ್ ರೋಗಿಗಳಲ್ಲಿ ರಕ್ತ ಪಡೆದವರ ಪೈಕಿ ನೂರಕ್ಕೆ 15 ಮಂದಿ ಐದು ವರ್ಷದೊಳಗೆ ತೀರಿಕೊಂಡಿದ್ದರು. ಪಡೆಯದವರಲ್ಲಿ 7. ಬೇರೆ ಕಾಯಿಲೆಗಳ ಲೆಕ್ಕ ಕಳೆದರೂ ಸಾವಿನ ಅಪಾಯ 70% ಹೆಚ್ಚೇ ಉಳಿಯಿತು. ಓದಿ ಎದೆ ಧಸಕ್ಕೆಂದಿತು. ಆದ್ರೆ ರಕ್ತ ಯಾರಿಗೆ ಕೊಡ್ತಾರೆ ಹೇಳಿ? ವಯಸ್ಸಾದವರಿಗೆ, ಮೊದಲೇ ಸೊರಗಿದವರಿಗೆ, ತುಂಬಾ ರಕ್ತ ಹೋದವರಿಗೆ. ಕೊಂದದ್ದು ರಕ್ತವೋ, ರಕ್ತ ಬೇಕಾಗಿಸಿದ ಸ್ಥಿತಿಯೋ? ಇಂಥ ಲೆಕ್ಕದಲ್ಲಿ ಎರಡನ್ನೂ ಪೂರ್ತಿ ಬಿಡಿಸೋಕಾಗಲ್ಲ.

ಬಿಡಿಸಬೇಕಾದರೆ ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡಬೇಕು. 2015ರಲ್ಲಿ ಬ್ರಿಟನ್ನಿನವರು ಹಾಗೇ ಮಾಡಿದಾಗ, 7.5ಕ್ಕೆ ಇಳಿಯುವವರೆಗೆ ಕಾಯಿಸಿದ ಗುಂಪಿನಲ್ಲೇ ತುಸು ಹೆಚ್ಚು ಸಾವು ಕಂಡವು. 2017ರಲ್ಲಿ ಸುಮಾರು 5,000 ಜನರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಮಾತ್ರ, ಕಾದವರು ಆರು ತಿಂಗಳಾದರೂ ಉಳಿದವರಷ್ಟೇ ಚೆನ್ನಾಗಿದ್ದರು. ನಮ್ಮ ಡಾಕ್ಟರ "ನೋಡೋಣ" ಹುಟ್ಟಿದ್ದು ಈ ಜಗ್ಗಾಟದಲ್ಲಿ.

ಅಪ್ಪ 8.6ಕ್ಕೆ ಮನೆಗೆ ಬಂದರು, ಜೊತೆಗೆ ಮೂರು ತಿಂಗಳ ಕಬ್ಬಿಣದ ಮಾತ್ರೆ. ನಾನು ಒಪ್ಪಿಸಿದ್ದ ಇಬ್ಬರು? ಹೇಗೂ ರಜೆ ಹಾಕಿದ್ದೀವಿ ಅಂತ ಬ್ಲಡ್ ಬ್ಯಾಂಕಿಗೆ ಹೋಗಿ ಕೊಟ್ಟೇ ಬಂದರು.