ಬೀಗದ ಕೈ ಗೊಂಚಲಿನ ಭಾರ

ಬೀಗವೆಂದರೆ ನಮ್ಮ ಮನಸ್ಸಿಗೆ ಮೊದಲು ಬರುವುದು ಮನೆಯ ಬಾಗಿಲು. ಅನಂತರ ಕಬ್ಬಿಣದ ಪೆಟ್ಟಿಗೆ, ಬೀರು, ಉಗ್ರಾಣ. ಇವೆಲ್ಲ ಒಳಗಿರುವುದನ್ನು ಕಾಯುವ ಬೀಗಗಳು. ಮೋಟಾರು ಕಾರಿನ ಚಾಲಕನ ಮುಂದಿರುವ ಬೀಗದ ಜಾತಿಯೇ ಬೇರೆ. ಅದು ಕಳ್ಳನನ್ನು ತಡೆಯುವುದೇನೋ ನಿಜ. ಆದರೆ ಅದರ ಕೆಲಸ ಕಾಯುವುದಷ್ಟೇ ಅಲ್ಲ, ನಡೆಸುವುದೂ ಹೌದು. ಎಂಜಿನ್ನಿನ ಕಿಡಿಗೆ ಅಪ್ಪಣೆ ಕೊಡುವುದೂ ಕೊಟ್ಟ ಅಪ್ಪಣೆಯನ್ನು ಹಿಂತೆಗೆದುಕೊಳ್ಳುವುದೂ ಅದರ ಅಧಿಕಾರ. ಮನೆಯ ಬೀಗ ಕೆಟ್ಟರೆ ಜಗಲಿಯ ಮೇಲೆ ಕೂತು ಕಾಯಬಹುದು. ಈ ಬೀಗ ಕೆಟ್ಟರೆ ಏನಾಗುತ್ತದೆಂಬುದನ್ನು ನಾನು ಅರಿತದ್ದು ಚಾರ್ಮಾಡಿ ಘಾಟಿಯ ಒಂದು ತಿರುವಿನಲ್ಲಿ. ಆ ಪ್ರಸಂಗಕ್ಕೆ ಬರುವ ಮುನ್ನ ಈ ಪುಟ್ಟ ಯಂತ್ರದ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಮೊದಮೊದಲ ಕಾರುಗಳನ್ನು ಹೊರಡಿಸಲು ಬೀಗದ ಕೈ ಸಾಲುತ್ತಿರಲಿಲ್ಲ. ಮುಂಭಾಗದ ರಂಧ್ರದಲ್ಲಿ ಕಬ್ಬಿಣದ ಹ್ಯಾಂಡಲನ್ನು ತೂರಿಸಿ, ತೋಳಿನ ಬಲದಿಂದ ತಿರುಗಿಸಿ ಎಂಜಿನ್ನನ್ನು ಎಬ್ಬಿಸಬೇಕಾಗಿತ್ತು. ನಮ್ಮ ಕಡೆಯ ಹಳೆಯ ಬಸ್ಸುಗಳ ಮುಂದೆ ಕ್ಲೀನರು ಬೆವರು ಸುರಿಸುತ್ತ ಹ್ಯಾಂಡಲ್ ಹೊಡೆಯುತ್ತಿದ್ದುದನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಕಿಡಿ ಹೊತ್ತುವ ವೇಳೆ ತಪ್ಪಿದರೆ ಎಂಜಿನ್ನು ಹಿಂದಕ್ಕೆ ಒದೆಯುತ್ತಿತ್ತು. ಮಣಿಕಟ್ಟು ಮುರಿಯುತ್ತಿತ್ತು, ಕೆಲವೊಮ್ಮೆ ದವಡೆಯೂ ಮುರಿಯುತ್ತಿತ್ತು. ಅಮೆರಿಕದ ಕ್ಯಾಡಿಲಾಕ್ ಸಂಸ್ಥೆಯ ಹೆನ್ರಿ ಲೆಲ್ಯಾಂಡರ ಸ್ನೇಹಿತನೊಬ್ಬ ಹೀಗೆ ಪೆಟ್ಟು ತಿಂದು ತೀರಿಕೊಂಡನೆಂದೂ, ಆ ದುಃಖದಲ್ಲಿ ಅವರು ಹ್ಯಾಂಡಲನ್ನೇ ತೊಡೆದುಹಾಕುವ ಪಣತೊಟ್ಟರೆಂದೂ ಒಂದು ಕಥೆ ಪ್ರಚಲಿತವಾಗಿದೆ. ಕಥೆ ಹೇಗೇ ಇರಲಿ, ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. 1908ರಲ್ಲಿ ಹುಟ್ಟಿದ ಫೋರ್ಡ್ ‘ಮಾಡೆಲ್ ಟಿ’ಗೆ ಆ ಭಾಗ್ಯ ಒದಗಿದ್ದು 1919ರಲ್ಲಿ.

ಆಗಲೂ ಕಿಡಿಯ ಸ್ವಿಚ್ಚು ಬೇರೆ, ಸ್ಟಾರ್ಟರಿನ ಗುಂಡಿ ಬೇರೆಯಾಗಿಯೇ ಬಹುಕಾಲ ಉಳಿದವು. ಕೆಲವು ಕಾರುಗಳಲ್ಲಿ ಗುಂಡಿಯನ್ನು ಪಾದದಿಂದ ಮೆಟ್ಟಬೇಕು, ಕೆಲವದರಲ್ಲಿ ಕೈಯಿಂದ ಎಳೆಯಬೇಕು. ಒಂದೇ ಬೀಗದ ಕೈಯನ್ನು ತಿರುಗಿಸಿ ಎರಡು ಕೆಲಸವನ್ನೂ ಮಾಡಿಸುವ ಏರ್ಪಾಡನ್ನು ಅಮೆರಿಕದ ಕ್ರೈಸ್ಲರ್ ಕಾರುಗಳು 1949ರಲ್ಲಿ ರೂಢಿಗೆ ತಂದವು. ಹೀಗೆ ತೋಳಿನ ಕೆಲಸ ಪಾದಕ್ಕೆ, ಪಾದದ ಕೆಲಸ ಎರಡು ಬೆರಳಿಗೆ ಇಳಿಯಿತು. ಶ್ರಮ ಕಡಿಮೆಯಾಯಿತು, ನಂಬಿಕೆ ಮಾತ್ರ ಹೆಚ್ಚಬೇಕಾಯಿತು. ಹ್ಯಾಂಡಲ್ ಹೊಡೆಯುವವನಿಗೆ ತನ್ನ ತೋಳಿನ ಬಲ ಗೊತ್ತಿತ್ತು. ಬೀಗ ತಿರುಗಿಸುವವನಿಗೆ ಅದರ ಒಳಗೇನಿದೆಯೆಂಬುದು ಗೊತ್ತಿಲ್ಲ.

ಒಳಗಿರುವುದು ಇಷ್ಟೆ. ಮುಂದೆ ಒಂದು ಕೊಳವೆ. ಅದರಲ್ಲಿ ಹಿತ್ತಾಳೆಯ ತೆಳು ಬಿಲ್ಲೆಗಳ ಸಾಲು. ಒಂದೊಂದು ಬಿಲ್ಲೆಯನ್ನೂ ಒತ್ತುವ ಕೂದಲೆಳೆಯಂಥ ಸ್ಪ್ರಿಂಗು. ಸರಿಯಾದ ಬೀಗದ ಕೈಯ ಹಲ್ಲುಗಳು ಬಿಲ್ಲೆಗಳನ್ನೆಲ್ಲ ಒಂದು ಮಟ್ಟಕ್ಕೆ ತಂದಾಗ ಕೊಳವೆ ತಿರುಗುತ್ತದೆ. ಅದರ ಹಿಂದೆ ವಿದ್ಯುತ್ತಿನ ಸ್ವಿಚ್ಚು. ನಿಲುಗಡೆ, ಓಟವೆಂಬ ಒಂದೊಂದು ಸ್ಥಾನಕ್ಕೂ ಒಂದೊಂದು ಸಣ್ಣ ಗುಳಿ. ಸ್ಪ್ರಿಂಗಿನ ಮೇಲೆ ಕೂತ ಮೊಳೆಯೊಂದು ಆ ಗುಳಿಗೆ ಬಿದ್ದು ಬೀಗವನ್ನು ಅಲ್ಲಲ್ಲೇ ಹಿಡಿದು ನಿಲ್ಲಿಸುತ್ತದೆ. ನಾವು ತಿರುಗಿಸುವಾಗ ಕೇಳುವ ‘ಟಿಕ್’ ಎಂಬ ಸದ್ದು ಆ ಮೊಳೆಯದು. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಒಂದು ಸಂಸಾರವೇ ಹೋಗುತ್ತಿರುವಾಗ ಅದರ ಯೋಗಕ್ಷೇಮ ಈ ಮೊಳೆಯ ಬಿಗಿಯನ್ನೂ ಅವಲಂಬಿಸಿರುತ್ತದೆ.

ಹಳೆಯ ಕಾರಿನಲ್ಲಿ ಈ ಬೀಗ ಒಂದೇ ದಿನದಲ್ಲಿ ಕೆಡುವುದಿಲ್ಲ, ಮುನ್ಸೂಚನೆ ಕೊಡುತ್ತದೆ. ಮೊದಲು ಬೀಗದ ಕೈ ತಿರುಗಲು ಹಟಮಾಡುತ್ತದೆ. ಆಮೇಲೆ ತಿರುಗಿದರೂ ಸ್ವಿಚ್ಚು ಒಮ್ಮೆ ಮಾತಾಡುತ್ತದೆ, ಒಮ್ಮೆ ಮೌನ ತಾಳುತ್ತದೆ. ಕೊನೆಗೆ ಎಂಜಿನ್ನು ಓಡುತ್ತಿರುವಾಗಲೇ ಬೀಗದ ಕೈ ಕಳಚಿ ಬರುವುದೂ ಉಂಟು. ಆಗ ನಾವು ಮಾಡುವ ತಪ್ಪುಗಳು ಎರಡು. ಒಂದು, ಎಣ್ಣೆ ಬಿಡುವುದು. ಎಣ್ಣೆ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಬೇಕಾದದ್ದು ಚಿಟಿಕೆ ಗ್ರಾಫೈಟ್ ಪುಡಿ. ಎರಡು, ಸವೆದ ಬೀಗದ ಕೈಯನ್ನೇ ಮಾದರಿಯಾಗಿ ಕೊಟ್ಟು ಇನ್ನೊಂದನ್ನು ಕೊರೆಸುವುದು. ಆಗ ನಮಗೆ ಸಿಗುವುದು ಹೊಸ ಲೋಹದಲ್ಲಿ ಹಳೆಯ ಸವೆತ.

ಇಷ್ಟನ್ನೂ ನಾನು ಕಲಿತದ್ದು ತಡವಾಗಿ. 1994ರಲ್ಲಿ ನನ್ನಲ್ಲಿ ಒಂದು ಹಳೆಯ ಕಾರಿತ್ತು. ಧರ್ಮಸ್ಥಳದಿಂದ ಹಿಂತಿರುಗುತ್ತ ಚಾರ್ಮಾಡಿ ಘಾಟಿ ಹತ್ತುತ್ತಿದ್ದೆವು. ಹಿಂದಿನ ಆಸನದಲ್ಲಿ ನನ್ನ ತಾಯಿ, ಹೆಂಡತಿ ಮತ್ತು ತಮ್ಮನ ಮಗ. ಒಂದು ತಿರುವಿನಲ್ಲಿ ಚಕ್ರ ಗುಂಡಿಗೆ ಇಳಿದು ಎದ್ದಿತು. ಎಂಜಿನ್ನಿನ ಸದ್ದು ನಿಂತೇಹೋಯಿತು. ಕಾರು ಹಿಂದಕ್ಕೆ ಸರಿಯತೊಡಗಿತು. ಬ್ರೇಕನ್ನು ಮೆಟ್ಟಿ ಹಿಡಿದುಕೊಂಡೆ. ತಮ್ಮನ ಮಗ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಬಲಕ್ಕೆ ನೋಡಿದರೆ ಮಂಜು. ಮಂಜಿನ ಕೆಳಗೆ ಏನಿತ್ತೆಂಬುದನ್ನು ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ನನ್ನ ತಾಯಿ ಮಾತ್ರ ಏನೂ ಆಗಲಿಲ್ಲವೆಂಬಂತೆ ಪ್ರಸಾದದ ಪೊಟ್ಟಣವನ್ನು ಮಡಿಲಿನಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದರು. ಬೀಗದ ಕೈ ತಿರುಗಿಸಿದೆ; ಎಂಜಿನ್ನು ತಟ್ಟನೆ ಎದ್ದಿತು. ಪೆಟ್ರೋಲಿನಲ್ಲಿ ಕಸವಿರಬೇಕೆಂದು ಸಮಾಧಾನ ಮಾಡಿಕೊಂಡು ಹೊರಟೆ. ಕೊಟ್ಟಿಗೆಹಾರ ತಲುಪುವುದರೊಳಗೆ ಅದು ಇನ್ನೆರಡು ಸಲ ನಿಂತಿತು.

ಅಲ್ಲಿ ಒಬ್ಬ ವೃದ್ಧ ಮೆಕ್ಯಾನಿಕ್ ಬಂದು ನೋಡಿದರು. ಕಾರ್ಬ್ಯುರೇಟರಿನ ಗೋಜಿಗೇ ಅವರು ಹೋಗಲಿಲ್ಲ. ಎಂಜಿನ್ನು ಓಡುತ್ತಿರುವಂತೆಯೇ ಕಿಟಕಿಯಿಂದ ಕೈ ಹಾಕಿ, ಬೀಗಕ್ಕೆ ನೇತುಬಿದ್ದಿದ್ದ ನನ್ನ ಗೊಂಚಲನ್ನು ಬೆರಳ ತುದಿಯಿಂದ ಮೆಲ್ಲಗೆ ತಟ್ಟಿದರು. ಎಂಜಿನ್ನು ನಿಂತಿತು.

“ಮೇಷ್ಟ್ರೇ, ಇಡೀ ಸಂಸಾರವನ್ನು ಒಂದು ಕಿವಿಗೆ ನೇತುಹಾಕಿದ್ದೀರಲ್ಲ! ಕಿವಿ ಹರಿಯದೆ ಇರುತ್ತದೆಯೆ?” ಎಂದರು.

ನಿಜ. ಮನೆಯ ಬಾಗಿಲು, ಬೀರು, ತಾಯಿಯ ಟ್ರಂಕು, ಶಾಲೆಯ ಪುಸ್ತಕಭಂಡಾರ, ಊರಿನ ಹಳೆಯ ಮನೆಯ ಹೆಬ್ಬಾಗಿಲು, ಎಲ್ಲದರ ಬೀಗದ ಕೈಗಳೂ ಆ ಗೊಂಚಲಿನಲ್ಲಿದ್ದವು. ವರ್ಷಗಟ್ಟಲೆ ಆ ಭಾರ ತೂಗಾಡಿ ಗುಳಿಯನ್ನು ಸವೆಸಿತ್ತು. ಅವರು ಕಾರಿನ ಬೀಗದ ಕೈಯೊಂದನ್ನೇ ಬಿಡಿಸಿ ಕೊಟ್ಟು, “ಇದು ಮದ್ದಲ್ಲ, ಪಥ್ಯ. ಊರಿಗೆ ಹೋದಮೇಲೆ ಬೀಗವನ್ನೇ ಬದಲಾಯಿಸಿಬಿಡಿ” ಎಂದರು. ಪಥ್ಯದಲ್ಲೇ ಗುಣ ಕಂಡದ್ದರಿಂದ ನಾನು ಮದ್ದಿನ ವಿಚಾರವನ್ನು ಮರೆತೆ.

ಇಪ್ಪತ್ತು ವರ್ಷಗಳ ಮೇಲೆ, 2014ರಲ್ಲಿ, ಅಮೆರಿಕದಿಂದ ಬಂದ ಸುದ್ದಿಯೊಂದನ್ನು ಓದುತ್ತ ನನಗೆ ಆ ತಿರುವು ಮತ್ತೆ ಕಣ್ಣಿಗೆ ಕಟ್ಟಿತು. ಜನರಲ್ ಮೋಟಾರ್ಸ್ ಸಂಸ್ಥೆ ಸ್ಯಾಟರ್ನ್ ಅಯಾನ್, ಶೆವರ್ಲೆ ಕೋಬಾಲ್ಟ್ ಮೊದಲಾದ ಕಾರುಗಳಿಗೆ ಹಾಕಿದ ಇಗ್ನಿಷನ್ ಸ್ವಿಚ್ಚಿನಲ್ಲಿ ಆ ಮೊಳೆಯ ಬಿಗಿ ನಿಗದಿಗಿಂತ ಕಡಿಮೆಯಿತ್ತು. ಕೊರತೆ ತಿಳಿದೂ 2002ರಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು. ಗೊಂಚಲಿನ ಭಾರಕ್ಕೋ ಮೊಣಕಾಲಿನ ತಾಗುವಿಕೆಗೋ ಬೀಗ ಜಾರುತ್ತಿತ್ತು, ಎಂಜಿನ್ನು ನಿಲ್ಲುತ್ತಿತ್ತು, ಅದರೊಡನೆ ಅಪಘಾತದಲ್ಲಿ ಪ್ರಾಣ ಕಾಯಬೇಕಾದ ಗಾಳಿಚೀಲಗಳೂ ನಿದ್ರಿಸುತ್ತಿದ್ದವು. 2005ರಲ್ಲಿ ಸಂಸ್ಥೆ ತನ್ನ ಮಾರಾಟಗಾರರಿಗೆ ಕಳುಹಿಸಿದ ಸೂಚನೆಯೇನು? ಗೊಂಚಲಿನ ಭಾರವಾದ ವಸ್ತುಗಳನ್ನು ತೆಗೆದುಬಿಡುವಂತೆ ಗಿರಾಕಿಗಳಿಗೆ ಹೇಳಿ ಎಂದು! ಕೊಟ್ಟಿಗೆಹಾರದ ಪಥ್ಯವೇ, ಮದ್ದು ಮಾತ್ರ ಅಲ್ಲಿಯೂ ಮುಂದಕ್ಕೆ ಹೋಯಿತು. ಸರಿಪಡಿಸುವ ಭಾಗದ ಬೆಲೆ 57 ಸೆಂಟ್ ಎಂದು ಅಮೆರಿಕದ ಸಂಸತ್ತಿನ ವಿಚಾರಣೆಯಲ್ಲಿ ಸದಸ್ಯರು ಎತ್ತಿ ತೋರಿಸಿದರು.

ಇದಕ್ಕಿಂತ ನನ್ನನ್ನು ಕಲಕಿದ ಸಂಗತಿ ಇನ್ನೊಂದಿದೆ. 2006ರಲ್ಲಿ ಆ ಸ್ವಿಚ್ಚನ್ನು ಬಿಗಿಗೊಳಿಸಿ ತಿದ್ದಲು ಒಪ್ಪಿಗೆ ಕೊಟ್ಟರು. ಆದರೆ ಭಾಗದ ಸಂಖ್ಯೆಯನ್ನು ಬದಲಾಯಿಸಲಿಲ್ಲ. ಕೆಟ್ಟದ್ದಕ್ಕೂ ಒಳ್ಳೆಯದಕ್ಕೂ ಒಂದೇ ಹೆಸರು! ಅದರಿಂದ ಹಳೆಯ ಕಾರುಗಳು ಏಕೆ ನಿಲ್ಲುತ್ತವೆ, ಹೊಸವು ಏಕೆ ನಿಲ್ಲುವುದಿಲ್ಲವೆಂಬುದು ತನಿಖೆ ಮಾಡುವವರಿಗೇ ವರ್ಷಗಟ್ಟಲೆ ಬಗೆಹರಿಯಲಿಲ್ಲ. ಜಾರ್ಜಿಯಾದ ಒಂದು ಮೊಕದ್ದಮೆಯಲ್ಲಿ ತಜ್ಞನೊಬ್ಬ ಹಳೆಯ ಸ್ವಿಚ್ಚನ್ನೂ ಹೊಸದನ್ನೂ ಹೋಲಿಸಿ ನೋಡಿದಾಗ ಗುಟ್ಟು ಹೊರಬಿತ್ತು. ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳು 124. 2015ರಲ್ಲಿ ಸಂಸ್ಥೆ ಸರ್ಕಾರಕ್ಕೆ 90 ಕೋಟಿ ಡಾಲರು ತೆರಲು ಒಪ್ಪಿತು.

ಆ ಸಂಸ್ಥೆಯನ್ನು ನಿಂದಿಸಿ ಪತ್ರಿಕೆಯನ್ನು ಮಡಿಸಿಡಬೇಕೆಂದಿದ್ದೆ. ಮನಸ್ಸು ಒಪ್ಪಲಿಲ್ಲ. 1998ರಲ್ಲಿ ನಾನು ಆ ಕಾರನ್ನು ಮಾರಿದೆ. ಕೊಳ್ಳಲು ಬಂದ ಗೃಹಸ್ಥರು ಟೈರು ನೋಡಿದರು, ಬ್ಯಾಟರಿ ವಿಚಾರಿಸಿದರು, ತಳದ ತುಕ್ಕನ್ನು ತಟ್ಟಿ ನೋಡಿದರು. ಬೀಗದ ಮಾತನ್ನು ಅವರು ಎತ್ತಲಿಲ್ಲ, ನಾನು ಹೇಳಲಿಲ್ಲ. ಒಂಟಿ ಬೀಗದ ಕೈಯನ್ನು ಅವರ ಅಂಗೈಯಲ್ಲಿಟ್ಟೆ. ಅವರು ನನ್ನೆದುರಿಗೇ ಅದನ್ನು ತಮ್ಮ ಗೊಂಚಲಿಗೆ ಸೇರಿಸಿಕೊಂಡರು. ನನಗೆ ಅದು ಕಂಡಿತ್ತು. ಆದರೂ ಸುಮ್ಮನಿದ್ದೆ.

ಸುದ್ದಿ ಓದಿದ ಮೇಲೆ ಅವರನ್ನು ಹುಡುಕಿಕೊಂಡು ಹೋದೆ. ಆ ಕಾರನ್ನು ಅವರು ಎರಡೇ ವರ್ಷಗಳಲ್ಲಿ ಬೇರೊಬ್ಬರಿಗೆ ದಾಟಿಸಿದ್ದರು. “ಬೀಗ ಸ್ವಲ್ಪ ಸಡಿಲವಿತ್ತಲ್ಲವೆ?” ಎಂದು ಅವರೇ ನಗುತ್ತ ಕೇಳಿದರು. ಕೊಂಡವರಿಗೆ ತಿಳಿಸಿದಿರಾ ಎಂದು ಕೇಳುವ ಅರ್ಹತೆ ನನಗಿರಲಿಲ್ಲ.

ಇಂದಿನ ಅನೇಕ ಕಾರುಗಳಲ್ಲಿ ಆ ಬೀಗವೇ ಇಲ್ಲ. ಗುಂಡಿ ಒತ್ತಿದರೆ ಸಾಕು. ಹಿತ್ತಾಳೆಯ ಬಿಲ್ಲೆಗಳ ಚರಿತ್ರೆ ಮುಗಿಯುತ್ತ ಬಂದಿದೆ. ಆದರೆ ಸವೆದದ್ದನ್ನು ಬಲ್ಲವನು ಬಾಯಿಬಿಟ್ಟು ಹೇಳಬೇಕೆಂಬ ಋಣ ಗುಂಡಿ ಬಂದರೂ ತೀರುವುದಿಲ್ಲ. ನಾನು ತೀರಿಸದೆ ಉಳಿಸಿಕೊಂಡ ಅಂಥ ಋಣವೊಂದನ್ನು, ಕೇಳುವವರು ಯಾರೋ ತಿಳಿಯದಿದ್ದರೂ, ಇಂದು ಇಲ್ಲಿ ಹೇಳಿದ್ದೇನೆ.

(ಬಾನುಲಿ ಭಾಷಣ)