ಬಾಲ್ಸಾ

ಸ್ಪ್ಯಾನಿಷ್ ಭಾಷೆಯಲ್ಲಿ ‘ಬಾಲ್ಸಾ’ ಎಂದರೆ ತೆಪ್ಪ. ಈಕ್ವೆಡಾರ್ ಕರಾವಳಿಯ ಜನ ಯಾವ ಮರದ ದಿಮ್ಮಿಗಳನ್ನು ಬಿಗಿದು ಕಡಲಿಗಿಳಿಯುತ್ತಿದ್ದರೋ ಆ ಮರಕ್ಕೇ ತೆಪ್ಪದ ಹೆಸರು ಅಂಟಿತು. 1947ರಲ್ಲಿ ಅನ್ವೇಷಕ ಥಾರ್ ಹೆಯರ್ಡಾಲ್ ಪೆರುವಿನಿಂದ ಪಾಲಿನೇಷ್ಯಾದವರೆಗೆ 101 ದಿನ ತೇಲಿಸಿದ ‘ಕಾನ್‌ಟಿಕಿ’ ತೆಪ್ಪವೂ ಬಾಲ್ಸಾ ದಿಮ್ಮಿಗಳದ್ದೇ.

ನೀರಿನ ಈ ಪದ ಗಾಳಿಗೇರಿದ ಬಗೆ ನನಗೆ ಬಹಳ ಇಷ್ಟ. ಈಗ ಅದು ಹೆಚ್ಚಾಗಿ ಕೇಳುವುದು ಮಾದರಿ ವಿಮಾನ, ರಾಕೆಟ್ ಕಟ್ಟುವವರ ಬಾಯಲ್ಲಿ. ನಮ್ಮ ಬೂರುಗದ ನೆಂಟನಾದ ಈ ಮರ ಘನ ಮೀಟರಿಗೆ ಸುಮಾರು 160 ಕಿಲೋ ತೂಗುತ್ತದೆ, ತೇಗದ ಕಾಲು ಭಾಗ. ಉಗುರೊತ್ತಿದರೆ ಗುರುತು ಬೀಳುತ್ತದೆ. ಆದರೂ ಸಸ್ಯಶಾಸ್ತ್ರದ ವರ್ಗೀಕರಣದಲ್ಲಿ ಇದು ಗಟ್ಟಿಮರ!

ಮೆತ್ತಗಿನ ಮರವೆಂದು ಒರಟಾಗಿ ಹಿಡಿಯುವಂತಿಲ್ಲ. ರಾಕೆಟ್ಟಿನ ರೆಕ್ಕೆ ಕತ್ತರಿಸುವಾಗ ಮರದ ನಾರು ಅದರ ಮುಂದಿನ ಅಂಚಿನ ಗುಂಟ ಸಾಗಬೇಕು, ಅಡ್ಡಕ್ಕಿದ್ದರೆ ಹಾರುವಾಗಲೇ ಮುರಿದೀತು. ಸ್ಯಾಂಡ್‌ಪೇಪರನ್ನು ಬೆರಳಿಗೆ ಸುತ್ತಿ ಉಜ್ಜಿದರೆ ಹಳ್ಳ ಬೀಳುತ್ತದೆ. ಚಪ್ಪಟೆ ಮರದ ತುಂಡಿಗೆ ಅಂಟಿಸಿಕೊಂಡು, ನಾರಿನ ಗುಂಟವೇ ಹಗುರವಾಗಿ ಉಜ್ಜಬೇಕು: ಮುಂದಿನ ಅಂಚು ದುಂಡಗೆ, ಹಿಂದಿನದು ತೆಳ್ಳಗೆ.