ರಾಷ್ಟ್ರೀಯ ವರಮಾನ: ಎಣಿಕೆಗೆ ಬಂದುದು, ಬಾರದುದು

ಭಾರತದಲ್ಲಿ ರಾಷ್ಟ್ರೀಯ ವರಮಾನದ ಗಣನೆಯು ಬಡತನವನ್ನು ಸಾಬೀತುಪಡಿಸುವ ವಾದವಾಗಿ ಆರಂಭಗೊಂಡಿತು. ದಾದಾಭಾಯಿ ನವರೋಜಿಯವರು 1867-68ರ ಬ್ರಿಟಿಷ್ ಭಾರತದ ತಲಾ ವರಮಾನವನ್ನು ಸುಮಾರು 20 ರೂಪಾಯಿಗಳೆಂದು ಅಂದಾಜಿಸಿ, ಅದು ಸೆರೆಮನೆಯ ಕೈದಿಯ ಅನ್ನಬಟ್ಟೆಗೂ ಸಾಲದೆಂದು ತೋರಿಸಿದರು. ವಿ.ಕೆ.ಆರ್.ವಿ. ರಾವ್ ಅವರು 1931-32ನೆಯ ಸಾಲಿನ ಅಂದಾಜಿನ ಮೂಲಕ ಈ ಗಣನೆಗೆ ಶಾಸ್ತ್ರೀಯ ಚೌಕಟ್ಟನ್ನು ಒದಗಿಸಿದರು. 1949ರಲ್ಲಿ ಪಿ.ಸಿ. ಮಹಲನೋಬಿಸ್ ಅವರ ಅಧ್ಯಕ್ಷತೆಯಲ್ಲಿ ನೇಮಕಗೊಂಡ ರಾಷ್ಟ್ರೀಯ ವರಮಾನ ಸಮಿತಿಯು ಇದಕ್ಕೆ ಅಧಿಕೃತ ಸ್ವರೂಪವನ್ನು ನೀಡಿತು.

ಆದರೆ ಕೂಲಿಗೆ ಮಾಡಿದ ಅಡುಗೆ, ಶಿಶುಪಾಲನೆಗಳು ಈ ಲೆಕ್ಕಕ್ಕೆ ಸೇರುತ್ತವೆ. ಗೃಹಿಣಿಯು ತನ್ನ ಮನೆಯಲ್ಲಿ ಮಾಡಿದವು ಸೇರುವುದಿಲ್ಲ. 2019ರ ಸಮಯ ಬಳಕೆ ಸಮೀಕ್ಷೆಯಂತೆ, ವೇತನರಹಿತ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷಗಳನ್ನು, ಪುರುಷರು 97 ನಿಮಿಷಗಳನ್ನು ವ್ಯಯಿಸುತ್ತಿದ್ದರು. ಬೀಸುವ ಪದಗಳಲ್ಲಿ ದಾಖಲಾಗಿರುವ ಹೆಣ್ಣಿನ ದುಡಿಮೆಯು ವರಮಾನದ ಅಂಕಿಅಂಶಗಳಲ್ಲಿ ಕಾಣದಿರುವುದು ಗಮನಾರ್ಹ. ಆದ್ದರಿಂದ ವರಮಾನದ ಅಳತೆಯನ್ನೇ ಕ್ಷೇಮದ ಅಳತೆಯೆಂದು ಭಾವಿಸಲಾಗದು.